ಲಾಲಸಾಹೇಬರ ನಿಬ್ಬು

ಹಳೆಯ ಪೆನ್ನು ಕೈಗೆ ಬಂದರೆ ನಾನು ಮೊದಲು ಬರೆದು ನೋಡುವುದಿಲ್ಲ, ಮೂಸಿ ನೋಡುತ್ತೇನೆ. ನನ್ನ ಮನೆಯವರಿಗೆಲ್ಲ ನಾಚಿಕೆ ತರುವ ಅಭ್ಯಾಸ ಇದು. ಮೊನ್ನೆ ಬೀಗರೊಬ್ಬರು ಬಂದಿದ್ದರು. ಅವರ ತಂದೆಯ ಕಾಲದ ಪೆನ್ನೊಂದನ್ನು ಜೇಬಿನಿಂದ ತೆಗೆದು ಅಭಿಮಾನದಿಂದ ನನ್ನ ಕೈಗಿಟ್ಟರು. ನಾನು ಅದರ ಹೊಟ್ಟೆಯನ್ನು ಹೆಬ್ಬೆರಳಿನಿಂದ ಬಿಸಿಯಾಗುವಂತೆ ಉಜ್ಜಿ ಮೂಗಿಗೆ ಹಿಡಿದೆ. ಬೀಗರಿಗೆ ಗಾಬರಿ. “ಯಾಕ್ರಿ, ಕೆಟ್ಟೈತೇನ್ರಿ?” ಎಂದರು, ನಿನ್ನೆಯ ಪಲ್ಯದ ಬಗ್ಗೆ ಕೇಳುವವರಂತೆ.

ಕೆಟ್ಟಿರಲಿಲ್ಲ. ಕರಿಯ ಪೆನ್ನುಗಳಲ್ಲಿ ಎರಡು ಜಾತಿ. ಒಂದು ಗಟ್ಟಿ ರಬ್ಬರಿನದು. ಉಜ್ಜಿದರೆ ಗಂಧಕದ ವಾಸನೆ, ಬೆಂಕಿಕಡ್ಡಿ ಗೀರಿದಂತೆ. ವಯಸ್ಸಾದ ಹಾಗೆ ಅದರ ಕಪ್ಪು ಮಾಸಿ ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಸೆಲ್ಯುಲಾಯ್ಡಿನದು, ಉಜ್ಜಿದರೆ ಕರ್ಪೂರದ ವಾಸನೆ. ಕಣ್ಣಿಗೆ ಎರಡೂ ಒಂದೇ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂದು ಬೀಗರು ಕೇಳಲಿಲ್ಲ. ನೀವು ಕೇಳುವವರು, ಅದಕ್ಕೇ ಹೇಳುತ್ತೇನೆ.

ನನ್ನ ಬಾಲ್ಯ ವಿಜಾಪುರ ಜಿಲ್ಲೆಯ ಇಂಡಿಯಲ್ಲಿ ಕಳೆಯಿತು. ಶಾಯಿಯ ಗುಳಿಗೆಯನ್ನು ನೀರಿನಲ್ಲಿ ಕದಡಿ ಬಾಟಲಿ ತುಂಬುತ್ತಿದ್ದ ಕಾಲ. ತರಗತಿಯಲ್ಲಿ ಯಾರದಾದರೂ ಶಾಯಿ ತೀರಿದರೆ ಪಕ್ಕದವನು ತನ್ನ ಪೆನ್ನಿನಿಂದ ಬೆಂಚಿನ ಮೇಲೆ ತೊಟ್ಟು ತೊಟ್ಟಾಗಿ ಹನಿಸುತ್ತಿದ್ದ. ಬೇಡಿದವನು ಅದನ್ನು ನಿಬ್ಬಿನಿಂದ ಹೀರಿಕೊಳ್ಳುತ್ತಿದ್ದ. ಬೆರಳ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದೆವು. ನನ್ನ ತಲೆ ತೊಳೆದ ನೀರು ಊದಾ ಬಣ್ಣಕ್ಕೆ ತಿರುಗುತ್ತಿದ್ದುದನ್ನು ಕಂಡು ಅವ್ವ, “ಇವನ ತಲಿಯಾಗ ಅಕ್ಷರ ಇಳಿಯಾಕತ್ತಾವ” ಎಂದು ನಗುತ್ತಿದ್ದಳು. ಇಳಿದವೋ ಇಲ್ಲವೋ, ಪೆನ್ನಿನ ಹುಚ್ಚಂತೂ ಇಳಿದು ಕುಳಿತಿತು.

ಎಪ್ಪತ್ತರ ದಶಕದ ಮೊದಲಿಗೆ ಸಿಂದಗಿಯ ಹೈಸ್ಕೂಲಿನಲ್ಲಿ ಮಾಸ್ತರನಾಗಿ ಸೇರಿದಾಗ ಈ ಹುಚ್ಚಿಗೆ ರೆಕ್ಕೆ ಬಂತು. ನಮ್ಮ ಕಡೆ ಮುಂಬೈ ಸರಕಾರದ ಕಾಲದಲ್ಲಿ ನೌಕರಿ ಮಾಡಿದವರ ಮನೆಗಳಲ್ಲಿ, ಗೋಡೆಯ ಗೂಡುಗಳಲ್ಲಿ, ಹಳೆಯ ಟ್ರಂಕುಗಳಲ್ಲಿ ವಿಲಾಯತಿ ಪೆನ್ನುಗಳು ಸತ್ತು ಬಿದ್ದಿರುತ್ತಿದ್ದವು. ನಾನು ಕೇಳಿ, ಕಾಡಿ, ಬೇಡಿ ತರುತ್ತಿದ್ದೆ. ಹಲ್ಲುಜ್ಜುವ ಪುಡಿಯಿಂದ ತಿಕ್ಕಿ, ಅಳಿಸಿದ ಅಕ್ಷರಗಳಲ್ಲಿ ಸೀಮೆಸುಣ್ಣ ತುಂಬಿ ಓದಿ, ಇದು ಇಂಥ ಕಾಲದ್ದು ಎಂದು ಘೋಷಿಸುತ್ತಿದ್ದೆ. ಯಾರಿಗೂ ಗೊತ್ತಿಲ್ಲದ ವಿಷಯದಲ್ಲಿ ಪಂಡಿತನಾಗುವುದು ಸುಲಭ. ಎರಡೇ ವರ್ಷದಲ್ಲಿ ಊರವರು ನನ್ನನ್ನು “ಪೆನ್ನಿನ ಮಾಸ್ತರ” ಎನ್ನತೊಡಗಿದರು. ನಾನೂ ನಂಬಿಬಿಟ್ಟೆ.

ಒಂದು ಸೋಮವಾರ ಲಾಲಸಾಹೇಬರು ನನ್ನ ಬಾಡಿಗೆ ಕೋಣೆಗೆ ಬಂದರು. ತಾಲೂಕು ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಕುಳಿತು ನಲವತ್ತು ವರ್ಷ ಜನರ ದಸ್ತಾವೇಜು ಬರೆದವರು ಅವರು. ಖರೀದಿ ಪತ್ರ, ವಾಟ್ನಿ ಪತ್ರ, ದತ್ತಕ ಪತ್ರ, ಎಲ್ಲ. ಈಗ ಎಪ್ಪತ್ತೈದು ದಾಟಿ ಮನೆಯಲ್ಲೇ ಇದ್ದರು. ಅವರ ಕೈಯಲ್ಲಿ ಒಂದು ಕರಿ ಪೆನ್ನು. ಟೊಪ್ಪಿಗೆಯ ಮೇಲೆ ಮೂರು ಬಂಗಾರದ ಉಂಗುರ, ಪಕ್ಕದಲ್ಲಿ ಎತ್ತಿ ಶಾಯಿ ಹೀರಿಸುವ ಸಣ್ಣ ಸನ್ನೆ. ನೋಡಿದೊಡನೆ ನನ್ನ ಬಾಯಲ್ಲಿ ನೀರೂರಿತು.

“ಒಳಗಿನ ರಬ್ಬರ ನಳಿಗಿ ಹರದೈತ್ರಿ ಮಾಸ್ತರ,” ಎಂದರು. “ಶಾಯಿ ಸೋರ್ತೈತಿ. ಬರೂ ಸೋಮವಾರದೊಳಗ ಆಗ್ಬೇಕು ನೋಡ್ರಿ.”

“ಏನ ಅವಸರ್ರಿ?”

ಅವರು ಕುಳಿತು ಹೇಳಿದರು. ಕನ್ನೊಳ್ಳಿಯ ನೀಲವ್ವ ಎಂಬ ಹೆಣ್ಣುಮಗಳು. ಇಪ್ಪತ್ತು ವರ್ಷದ ಹಿಂದೆ ಅವಳ ಗಂಡ ಮತ್ತು ಮೈದುನ ಹೊಲ ಪಾಲು ಮಾಡಿಕೊಂಡಾಗ ವಾಟ್ನಿ ಪತ್ರ ಬರೆದವರು ಲಾಲಸಾಹೇಬರು. ಈಗ ಗಂಡ ತೀರಿಕೊಂಡಿದ್ದಾನೆ. ಆ ಪತ್ರ ಸುಳ್ಳು, ಪಾಲೇ ಆಗಿಲ್ಲ, ಹೊಲವೆಲ್ಲ ತನ್ನದು ಎಂದು ಮೈದುನ ಭೀಮರಾಯ ತಕರಾರು ತೆಗೆದಿದ್ದಾನೆ. ಸಾಕ್ಷಿ ಹಾಕಿದವರು ಯಾರೂ ಉಳಿದಿಲ್ಲ. ಉಳಿದದ್ದು ಬರೆದ ಕೈ ಒಂದೇ. ಸೋಮವಾರ ಕೋರ್ಟಿನಲ್ಲಿ ಅವರ ಸಾಕ್ಷಿ.

“ಅಲ್ಲೇ ಬರದ ತೋರಸ್ರಿ ಅಂತಾರಂತ. ನಮ್ಮ ವಕೀಲರು ಹೇಳ್ಯಾರ,” ಎಂದು ಬಲಗೈ ಚಾಚಿದರು. ಬೆರಳುಗಳು ಬೇವಿನ ಎಲೆಯ ಹಾಗೆ ಅಲುಗುತ್ತಿದ್ದವು. “ಬ್ಯಾರೆ ಪೆನ್ನ ಹಿಡದ್ರ ಹಿಂಗ ನಡಗ್ತೈತಿ. ಇದನ್ನ ಹಿಡದ್ರ ಕೈಗೆ ತನ್ನ ದಾರಿ ಗೊತ್ತೈತಿ. ಆ ಪತ್ರಾನೂ ಇದರಾಗ ಬರದದ್ದು.”

“ಚಿಂತಿ ಬಿಡ್ರಿ. ಎರಡ ದಿನದ ಕೆಲಸ,” ಎಂದೆ.

ಮರುದಿನ ಸಣ್ಣ ಬಿಡುವಿನಲ್ಲಿ ಪೆನ್ನನ್ನು ಶಾಲೆಯ ವಿಜ್ಞಾನದ ಕೋಣೆಗೆ ಒಯ್ದೆ. ಹರಿದ ನಳಿಗೆ ತೆಗೆಯಬೇಕಾದರೆ ನಿಬ್ಬು ಕುಳಿತ ಕತ್ತನ್ನು ಹೊಟ್ಟೆಯಿಂದ ಬಿಡಿಸಬೇಕು. ಹಳೆಯ ಅರಗಿನಿಂದ ಅದು ಬಿಗಿದಿತ್ತು. ಸ್ವಲ್ಪ ಶಾಖ ಕೊಟ್ಟರೆ ಬಿಡುತ್ತದೆ. ವಿಜ್ಞಾನದ ಮಾಸ್ತರ ಕುಲಕರ್ಣಿಯವರು, ಇನ್ನಿಬ್ಬರು ಸಹೋದ್ಯೋಗಿಗಳು ಸುತ್ತ ನಿಂತಿದ್ದರು. ನೋಡುವವರಿದ್ದರೆ ನನ್ನ ಪಾಂಡಿತ್ಯ ತಾನಾಗಿ ಉಕ್ಕುತ್ತದೆ.

“ಇದು ಗಟ್ಟಿ ರಬ್ಬರಿಂದು. ನೋಡಿದ್ರ ಗೊತ್ತಾಗ್ತೈತಿ,” ಎಂದೆ. ಉಜ್ಜಲಿಲ್ಲ, ಮೂಸಲಿಲ್ಲ. ಅಷ್ಟು ಜನರ ಮುಂದೆ ಮೂಸುವುದು ಗೊತ್ತಿಲ್ಲದವರ ಲಕ್ಷಣ ಎನಿಸಿತ್ತು. ಸ್ಪಿರಿಟ್ ದೀಪ ಹಚ್ಚಿ, ಪೆನ್ನಿನ ಹೊಟ್ಟೆಯನ್ನು ಉರಿಯ ಮೇಲೆ ಮೆಲ್ಲಗೆ ತಿರುಗಿಸತೊಡಗಿದೆ.

ಕುಲಕರ್ಣಿ ಮೂಗರಳಿಸಿದರು. “ಕರ್ಪೂರದ ವಾಸನಿ ಬರಾಕತ್ತೈತಲ್ರಿ?”

“ಯಾರದರ ಮನ್ಯಾಗ ಪೂಜಿ ನಡದಿರಬೇಕ್ರಿ,” ಎಂದೆ.

ಮಾತು ಮುಗಿದಿರಲಿಲ್ಲ. ‘ಭುಸ್’ ಎಂದಿತು. ಅದು ಹೊತ್ತಿಕೊಂಡ ರೀತಿಯನ್ನು ಉರಿ ಎನ್ನಲಾಗದು. ಕೈಯಲ್ಲಿ ಹಿಡಿದ ಪೆನ್ನು ಒಂದು ಕ್ಷಣದಲ್ಲಿ ಹಳದಿ ಜ್ವಾಲೆಯಾಯಿತು. ಕಿರುಚಿ ಕೈಬಿಟ್ಟೆ. ಮೇಜಿನ ಮೇಲೆ ಬಿದ್ದು ಸರಸರ ಉರಿಯಿತು. ಕುಲಕರ್ಣಿ ಓಡಿಹೋಗಿ ಬಕೆಟ್ಟಿನ ಉಸುಕು ತಂದು ಸುರಿಯುವಷ್ಟರಲ್ಲಿ ಉಳಿದದ್ದು ಕರಿ ಗುಳ್ಳೆಗಳ ಒಂದು ತುಣುಕು. ಬೇರೆಯಾಗಿ ಇಟ್ಟಿದ್ದ ಟೊಪ್ಪಿಗೆ ಬದುಕಿತ್ತು. ಉಸುಕಿನಲ್ಲಿ ಕೈಯಾಡಿಸಿದಾಗ ಮಸಿ ಹಿಡಿದ ನಿಬ್ಬು ಸಿಕ್ಕಿತು. ಬಂಗಾರದ್ದಾದ್ದರಿಂದ ಅದಕ್ಕೇನೂ ಆಗಿರಲಿಲ್ಲ. ನನ್ನ ಎರಡು ಬೆರಳಿಗೆ ಸುಟ್ಟ ಬೊಬ್ಬೆ ಬಂದಿದ್ದವು. ಗಂಟೆ ಹೊಡೆಯಿತು.

ಬುಧವಾರ ಸಂಜೆ ಲಾಲಸಾಹೇಬರು ಬಾಗಿಲಿಗೆ ಬಂದರು. “ಆತೇನ್ರಿ?”

ನಿಜ ಹೇಳಬೇಕೆಂದೇ ಎದ್ದೆ. ಆದರೆ ಬಾಯಿ ತನ್ನದೇ ದಾರಿ ಹಿಡಿಯಿತು. “ಆ ಅಳತಿ ನಳಿಗಿ ಇಲ್ಲಿ ಸಿಗವಲ್ದ್ರಿ. ಇಂಡಿಗೆ ಹೋಗಿ ತರ್ತೇನಿ.”

“ನನ್ನ ಸಲವಾಗಿ ಅಷ್ಟ ದೂರ ಹೊಂಟೀರಿ?” ಎಂದು ಅವರು ನನ್ನ ಹೆಗಲು ಮುಟ್ಟಿದರು. ಬೊಬ್ಬೆ ಬಂದ ಬೆರಳುಗಳನ್ನು ನಾನು ಬೆನ್ನ ಹಿಂದೆ ಮುಚ್ಚಿಕೊಂಡಿದ್ದೆ.

ಗುರುವಾರ ರಜೆ ಹಾಕಿ ಇಂಡಿಯ ಬಸ್ಸು ಹತ್ತಿದೆ. ಜೊತೆಗೆ ಉಳಿದ ಟೊಪ್ಪಿಗೆ, ನನ್ನ ಸಂಗ್ರಹದ ಹನ್ನೆರಡು ಉತ್ತಮ ಪೆನ್ನುಗಳು. ಅಂಥದೇ ಒಂದು ಸಿಕ್ಕರೆ ಬದಲಿಗೆ ಬೇಕಾದ್ದನ್ನು ಕೊಡಲು ಸಿದ್ಧನಾಗಿದ್ದೆ. ಇಂಡಿಯಲ್ಲಿ ಪೆನ್ನು ರಿಪೇರಿ ಮಾಡುವ ಮುದುಕನೊಬ್ಬನಿದ್ದ, ನಾನು ಚಿಕ್ಕವನಿದ್ದಾಗಿನಿಂದ ಪರಿಚಯ. ಅವನು ಟೊಪ್ಪಿಗೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

“ಮೂರ ಉಂಗರದ್ದು ನಾ ಮೂರೇ ನೋಡೇನಿ,” ಎಂದ. “ಒಂದು ಇದು. ಒಂದು ಬಾಗೇವಾಡ್ಯಾಗ ಹಳೇ ಫೌಜದಾರರ ಹಂತೇಲಿ ಐತಿ. ಇನ್ನೊಂದು ಮುದ್ದೇಬಿಹಾಳದ ದವಾಖಾನಿ ಡಾಕ್ಟರದು.” ಆಮೇಲೆ ನನ್ನ ಬೆರಳುಗಳನ್ನು ನೋಡಿದ. “ಸುಟ್ಟೀಯೇನೋ?”

ತಲೆಯಾಡಿಸಿದೆ. ಅವನು ಬೈಯಲಿಲ್ಲ. ಎರಡು ರಬ್ಬರ್ ನಳಿಗೆ ಕಾಗದದಲ್ಲಿ ಸುತ್ತಿ ಕೊಟ್ಟ. “ಇನ್ನ ಮುಂದ ಮೊದಲ ಮೂಸಿ ನೋಡು. ಕರ್ಪೂರ ಬಂದ್ರ ಬೆಂಕಿ ಹಂತ್ಯಾಕ ಒಯ್ಯಬ್ಯಾಡ. ಉಗುರ ಬೆಚ್ಚನ ನೀರ ಸಾಕು.”

ಶುಕ್ರವಾರ ವಿಜಾಪುರ, ಮನಗೂಳಿ ಹಾದು ಬಾಗೇವಾಡಿ ಮುಟ್ಟಿದೆ. ಫೌಜದಾರರ ಮನೆಯಲ್ಲಿ ಪೆನ್ನು ಇತ್ತು, ಮೂರು ಉಂಗುರವೂ ಇದ್ದವು. ಲಾಲಸಾಹೇಬರ ಟೊಪ್ಪಿಗೆ ಹಾಕಿ ತಿರುಗಿಸಿದರೆ ಗಿರಗಿರ ಸುತ್ತುತ್ತದೆ, ಹಿಡಿಯುವುದೇ ಇಲ್ಲ. ಅದೇ ಕಂಪನಿಯ ಸಣ್ಣ ಅಳತೆಯದು. “ಹೆಣ್ಮಕ್ಕಳ ಪೆನ್ನದು. ನಮ್ಮಕಿದು,” ಎಂದರು ಫೌಜದಾರರು ಸಂಕೋಚದಿಂದ. ಉಳಿದದ್ದು ಮುದ್ದೇಬಿಹಾಳ.

ಶನಿವಾರ ಮುದ್ದೇಬಿಹಾಳದಲ್ಲಿ ವಿಚಾರಿಸಿದರೆ, ಆ ಡಾಕ್ಟರು ವರ್ಗವಾಗಿ ಹೋಗಿ ಬಹಳ ದಿನವಾಗಿತ್ತು. ದವಾಖಾನೆಯ ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಒಳಗಿಂದ ಕಂಪೌಂಡರ್ ರುದ್ರಪ್ಪ ಬಂದು, ನಾನು ರೋಗಿಯೆಂದು ತಿಳಿದು, ಎಲ್ಲಿ ನೋವೆಂದು ಕೇಳಿದ. ಹೇಳಿದೆ. ಅವನು ನಕ್ಕುಬಿಟ್ಟ.

“ಹೋಗಾಗ ಡಾಕ್ಟರ ಅದನ್ನ ನನಗ ಕೊಟ್ಟಾರಿ. ಕಪಾಟಿನ್ಯಾಗ ಬಿದ್ದೈತಿ. ನಾ ಬರದದ್ದ ನಾಕೈದ ಸಲ.”

ಪೆನ್ನು ಬಂತು. ಟೊಪ್ಪಿಗೆಯ ಕ್ಲಿಪ್ಪು ಮುರಿದಿತ್ತು, ಉಳಿದದ್ದೆಲ್ಲ ಹೊಸದರಂತೆ. ಈ ಬಾರಿ ಉಜ್ಜಿ ಮೂಸಿದೆ: ಕರ್ಪೂರ. ಲಾಲಸಾಹೇಬರ ಟೊಪ್ಪಿಗೆ ತಿರುಗಿಸಿದೆ: ಹಿಡಿಯಿತು. ಬಟ್ಟೆ ಹಾಸಿ ನನ್ನ ಹನ್ನೆರಡು ಮುತ್ತುಗಳನ್ನು ಹರಡಿ, “ಯಾವದು ಬೇಕು ತಗೋರಿ, ಎರಡ ತಗೋರಿ” ಎಂದೆ. ರುದ್ರಪ್ಪ ಅವುಗಳ ಮೇಲೆ ಕಣ್ಣಾಡಿಸಿದ, ಹಳಸಿದ ಅನ್ನ ನೋಡಿದ ಹಾಗೆ. ಆಮೇಲೆ ಅವನ ದೃಷ್ಟಿ ನನ್ನ ಅಂಗಿಯ ಜೇಬಿನಲ್ಲಿ ನಿಂತಿತು. ಹಾಜರಿ ಹಾಕಲೆಂದು ಕೊಂಡಿದ್ದ ಹೊಸ ಬಾಲ್ ಪೆನ್ನು.

“ಅದನ್ನ ಕೊಡ್ತೀರೇನ್ರಿ? ಈ ಶಾಯಿ ಕಾಟ ಸಾಕಾಗೈತಿ.”

ಕೊಟ್ಟೆ. ಮೋಸ ಹೋದೆನೆಂದು ಅವನಿಗೆ ಆಮೇಲೆ ಅನುಮಾನ ಬರಬಾರದೆಂದು ಹೊಸದು ಇನ್ನೊಂದನ್ನು ಅಂಗಡಿಯಿಂದ ತಂದು ಅದನ್ನೂ ಕೊಟ್ಟೆ. ಖುಷಿಯಾಗಿ ರವಿವಾರ ಅವನೇ ಇಂಜೆಕ್ಷನ್ ಸೂಜಿ ಕುದಿಸುವ ಪಾತ್ರೆಯಲ್ಲಿ ಬೆಚ್ಚಗಿನ ನೀರು ಕೊಟ್ಟ. ಪೆನ್ನು ಬಿಚ್ಚಿ ಹೊಸ ನಳಿಗೆ ಹಾಕಿದೆ. ಲಾಲಸಾಹೇಬರ ಟೊಪ್ಪಿಗೆ ತೊಡಿಸಿದೆ. ಯಾರು ನೋಡಿದರೂ ಅವರದೇ ಪೆನ್ನು.

ಈಗ ನಾಚಿಕೆಯ ಮಾತು ಹೇಳಬೇಕು. ಅವರ ಹಳೆಯ ನಿಬ್ಬು ಒಂದು ಬೆಂಕಿಪೆಟ್ಟಿಗೆಯಲ್ಲಿ, ಹತ್ತಿಯ ನಡುವೆ, ನನ್ನ ಜೇಬಿನಲ್ಲೇ ಇತ್ತು. ಮಸಿ ತೊಳೆದಾಗ ಅದರ ನಡುವಿನ ತೂತು ಹೃದಯದ ಆಕಾರದ್ದೆಂದು ಕಂಡಿತ್ತು. ಕಂಪೌಂಡರನ ನಿಬ್ಬಿನ ತೂತು ಬರೀ ದುಂಡಗೆ. ಹೃದಯದ ತೂತಿನದು ಹಳೆಯ ಮಾಲು, ನಾನು ಕೇಳಿದ್ದೆನೇ ಹೊರತು ಕಂಡಿರಲಿಲ್ಲ. ಎಡಮಗ್ಗುಲು ಸವೆದು ಓರೆಯಾಗಿತ್ತು, ಅದು ದೋಷವೆಂದು ನನ್ನ ತೀರ್ಮಾನ. ‘ಮುದುಕರಿಗೆ ಸವೆದ ನಿಬ್ಬು ಯಾಕೆ, ಹೊಸದು ನುಣ್ಣಗೆ ಬರೆಯುತ್ತದೆ’ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟೆಲ್ಲ ಹೆದರಿಕೆಯ ನಡುವೆಯೂ ನನ್ನ ಸಂಗ್ರಹಕ್ಕೆ ಒಂದು ಅಪರೂಪದ ವಸ್ತು ಸೇರಿತೆಂಬ ಸಣ್ಣ ಸಂತೋಷ ಎದೆಯ ಮೂಲೆಯಲ್ಲಿತ್ತು.

ಸೋಮವಾರ ಬೆಳಿಗ್ಗೆ ಬಸ್ಸು ತಾಳಿಕೋಟಿಯ ಹತ್ತಿರ ಪಂಕ್ಚರಾಯಿತು. ಸಿಂದಗಿಯ ಕೋರ್ಟಿಗೆ ಓಡೋಡಿ ಬಂದಾಗ ಹನ್ನೊಂದಕ್ಕೆ ಐದೇ ನಿಮಿಷ. ಲಾಲಸಾಹೇಬರು ಕರಿ ಕೋಟು ತೊಟ್ಟು ಪಡಸಾಲೆಯಲ್ಲಿ ನಿಂತಿದ್ದರು. ಪೆನ್ನು ಕೊಟ್ಟೆ. ಟೊಪ್ಪಿಗೆಯ ಉಂಗುರಗಳ ಮೇಲೆ ಬೆರಳಾಡಿಸಿ, “ಶಾಯಿ ತುಂಬೀರೇನು?” ಎಂದಷ್ಟೇ ಕೇಳಿ ಜೇಬಿಗಿಟ್ಟರು. ಗೋಡೆಗೊರಗಿ ಕುಳಿತಿದ್ದ ನೀಲವ್ವ ಎದ್ದು ಬಂದಳು. ಸೆರಗಿನ ಅಂಚನ್ನು ಹಿಂಡುತ್ತಿದ್ದಳು.

“ಯಪ್ಪಾ, ನನ್ನ ಸಲವಾಗಿ ಇಂಡೀತನಾ ಹೋಗಿ ಬಂದಿಯಂತ. ನಿನ್ನ ಉಪಕಾರ ಹೆಂಗ ತೀರಸ್ಲಿ?”

ನಾನು ನೆಲ ನೋಡಿದೆ.

ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಲಾಲಸಾಹೇಬರನ್ನು ಒಂದಷ್ಟು ಪ್ರಶ್ನೆ ಕೇಳಿದರು. ಪತ್ರ ತೋರಿಸಿ, ಇದು ನಿಮ್ಮ ಬರಹವೇ ಎಂದರು. “ಹೌದ್ರಿ, ನನ್ನದ. ಇದೇ ಪೆನ್ನಿಲೆ ಬರದೇನಿ,” ಎಂದು ಲಾಲಸಾಹೇಬರು ಜೇಬು ಮುಟ್ಟಿ ತೋರಿಸಿದರು.

“ಹಂಗಾದ್ರ ಇಲ್ಲೇ ಬರದ ತೋರಸ್ರಿ.”

ನ್ಯಾಯಾಧೀಶರು ಒಪ್ಪಿದರು. ವಕೀಲರು ಪತ್ರದಿಂದಲೇ ಒಂದು ಸಾಲು ಓದಿದರು: ‘ಪಡುವಣ ಬಾವಿಯ ನೀರು ಉಭಯತರಿಗೂ ಸರಿಸಮ ಇರತಕ್ಕದ್ದು.’ ಲಾಲಸಾಹೇಬರು ಕಾಗದದ ಮೇಲೆ ಬಾಗಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಪೆನ್ನು ಕಾಗದದ ಮೇಲೆ ಜಾರಿದ್ದು ಅಲ್ಲಿಗೇ ಕಂಡಿತು. ಎರಡು ಶಬ್ದ ಬರೆದು ಅವರು ನಿಂತರು. ಮತ್ತೆ ಬರೆದರು. ಬೆರಳು ನಡುಗಿತು, ಮೊಣಕೈವರೆಗೆ ನಡುಗಿತು. ಸಾಲು ಮುಗಿಸುವಷ್ಟರಲ್ಲಿ ಹಣೆಯ ಮೇಲೆ ಬೆವರು.

ವಕೀಲರು ಎರಡೂ ಕಾಗದಗಳನ್ನು ಎತ್ತಿ ಹಿಡಿದರು. “ಸ್ವಾಮಿ, ಪತ್ರದಾಗ ಅಕ್ಷರ ದಪ್ಪ, ಓರೆ. ಇಲ್ಲಿ ಎಳಿ ಎಳಿ, ಹುಳ ಹರದಂಗ ಐತಿ. ಇನ್ನೇನ ಬೇಕ್ರಿ?”

ಲಾಲಸಾಹೇಬರು ಅವರ ಮಾತು ಕೇಳುತ್ತಿರಲಿಲ್ಲ. ಪೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಬ್ಬನ್ನು ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಹೇಳಿದರು: “ಟೊಪ್ಪಿಗಿ ನಂದು. ಪೆನ್ನ ನಂದಲ್ಲ.”

ಜನ ನಕ್ಕರು. “ಬರಹಾನೂ ನಿಮ್ಮದಲ್ಲ, ಪೆನ್ನೂ ನಿಮ್ಮದಲ್ಲ!” ಎಂದರು ವಕೀಲರು. ನೀಲವ್ವ ಮಾತ್ರ ನಗಲಿಲ್ಲ. ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೊನೆಗೆ ನನ್ನ ಮುಖ ನೋಡಿದಳು. ನನ್ನ ಕೈ ಜೇಬಿನ ಬೆಂಕಿಪೆಟ್ಟಿಗೆಯ ಮೇಲಿತ್ತು. ಎದ್ದು ನಿಂತರೆ ನೌಕರಿ ಹೋಗಬಹುದು, ಪೋಲೀಸರು ಹಿಡಿಯಬಹುದು, ಊರು ನಗುವುದಂತೂ ಖಂಡಿತ. ಕೂತರೆ ಈ ಕೋರ್ಟಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಎದ್ದದ್ದು ನೆನಪಿಲ್ಲ, ನನ್ನ ದನಿ ಮಾತ್ರ ಕೇಳಿಸಿತು.

“ಸ್ವಾಮಿ, ಪೆನ್ನು ಸುಟ್ಟವನು ನಾನು.”

ನ್ಯಾಯಾಧೀಶರು ಮೈಸೂರು ಕಡೆಯವರು. ಕನ್ನಡಕ ಸರಿಸಿ, “ಯಾರ್ರೀ ನೀವು? ಏನು ಸುಟ್ಟಿರಿ?” ಎಂದರು. ಮುಂದೆ ಕರೆಸಿ, ಪ್ರಮಾಣ ಮಾಡಿಸಿ ಕೇಳಿದರು. ಸ್ಪಿರಿಟ್ ದೀಪದಿಂದ ಹಿಡಿದು ಕಂಪೌಂಡರನವರೆಗೆ ಎಲ್ಲ ಹೇಳಿದೆ. ಬೆರಳ ಗಾಯ ತೋರಿಸಿದೆ. ಬೆಂಕಿಪೆಟ್ಟಿಗೆ ತೆರೆದು ಮೇಜಿನ ಮೇಲಿಟ್ಟೆ. ಎದುರು ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು ನಿಬ್ಬನ್ನು ಹಿಂದೆ ಮುಂದೆ ನೋಡಿ, “ಬರೆಯುವವರು ತಮ್ಮ ಲೇಖನಿಯಲ್ಲಿ ಬರೆಯಲಿ, ಅದಕ್ಕೇನಂತೆ. ಹಾಕಿ ಕೊಡಿ,” ಎಂದರು.

ಹೊಸ ನಿಬ್ಬನ್ನು ಎಳೆದು ತೆಗೆದೆ. ಬೆರಳೆಲ್ಲ ಶಾಯಿ. ಹಳೆಯದನ್ನು ಕೂಡಿಸಲು ಹೋದರೆ ನನ್ನ ಕೈಯೇ ಈಗ ಲಾಲಸಾಹೇಬರ ಕೈಯಾಗಿತ್ತು. ಎರಡು ಸಲ ಜಾರಿತು. ಅವರು ಕೈ ಚಾಚಿ, “ಕೊಡ್ರಿ ಇಲ್ಲಿ,” ಎಂದು ತೆಗೆದುಕೊಂಡು, ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿ ಒತ್ತಿ ಕೂಡಿಸಿದರು. ಹೊಸ ಕಾಗದ ಎಳೆದುಕೊಂಡರು.

ಕರ್ ಕರ್ ಎಂಬ ಸಣ್ಣ ಸದ್ದು. ಬೆರಳು ನಡುಗುತ್ತಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಸವೆದ ಮಗ್ಗುಲು ಕಾಗದಕ್ಕೆ ತಾಗಿದೊಡನೆ ಆ ನಡುಕ ಎಲ್ಲಿಯೋ ಇಳಿದುಹೋಯಿತು. ದಪ್ಪ, ಓರೆ, ‘ಯ’ದ ಬಾಲ ಮೇಲಕ್ಕೆ ಚಿಮ್ಮಿದ ಅಕ್ಷರಗಳು ಒಂದರ ಹಿಂದೊಂದು ಬಂದು ನಿಂತವು. ನಾನು ದೋಷವೆಂದು ತೆಗೆದಿಟ್ಟದ್ದೇ ಅವರ ಬರಹವಾಗಿತ್ತು.

ನ್ಯಾಯಾಧೀಶರು ಎರಡೂ ಕಾಗದಗಳನ್ನು ಬಹಳ ಹೊತ್ತು ನೋಡಿದರು. ವಕೀಲರೂ ಬಾಗಿದರು. ಅವರ ಹಿಂದೆ ಭೀಮರಾಯ, ಐವತ್ತರ ಆಸುಪಾಸಿನ ಎತ್ತರದ ಮನುಷ್ಯ, ಕತ್ತು ಚಾಚಿ ನೋಡಿದ. ಇಪ್ಪತ್ತು ವರ್ಷದ ಹಿಂದೆ ಆ ಬೇವಿನ ಗಿಡದ ಕೆಳಗೆ ಅಣ್ಣನ ಪಕ್ಕದಲ್ಲಿ ಕುಳಿತು ಈ ಸಾಲು ಬರೆಯುವುದನ್ನು ನೋಡಿದ್ದವನು ಅವನೇ. ವಕೀಲರು ಮತ್ತೊಂದು ಪ್ರಶ್ನೆಗೆ ಬಾಯಿ ತೆರೆದರು. ಭೀಮರಾಯ ಅವರ ತೋಳು ಹಿಡಿದ.

“ಸಾಕ್ರಿ ವಕೀಲ್ರ.”

“ಏನಂದಿ?”

“ಸಾಕ್ರಿ,” ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡ.

ವಕೀಲರು ಮುಂದಿನ ತಾರೀಖು ಕೇಳಿದರು. ನ್ಯಾಯಾಧೀಶರು ಕೊಟ್ಟು, ನನ್ನ ಕಡೆ ತಿರುಗಿ, “ಮೇಷ್ಟ್ರೇ, ಇನ್ನು ಮೇಲೆ ಕಲಿಯುವುದಿದ್ದರೆ ನಿಮ್ಮ ಸ್ವಂತ ವಸ್ತು ಸುಟ್ಟು ಕಲಿಯಿರಿ,” ಎಂದರು. ಶಿಕ್ಷೆ ಅಷ್ಟೇ. ಮುಂದಿನ ತಾರೀಖಿಗೆ ಎರಡೂ ಕಡೆಯವರು ರಾಜಿ ಬರೆದುಕೊಟ್ಟರು. ಪಾಲು ಪತ್ರದಲ್ಲಿದ್ದ ಹಾಗೇ ಉಳಿಯಿತು.

ಸಾಕ್ಷಿ ಮುಗಿದ ಆ ಸೋಮವಾರ ಮಧ್ಯಾಹ್ನವೇ ಲಾಲಸಾಹೇಬರ ಜೊತೆ ಬಸ್ ನಿಲ್ದಾಣದವರೆಗೆ ನಡೆದೆ. ನೀಲವ್ವನನ್ನು ಬಸ್ಸು ಹತ್ತಿಸಬೇಕೆಂದು ಅವರ ಹಟ.

“ಸುಟ್ಟದ್ದು ಇರ್ಲಿ ಬಿಡ್ರಿ, ಕೈತಪ್ಪಿ ಆಗ್ತೈತಿ,” ಎಂದರು ದಾರಿಯಲ್ಲಿ. “ಆ ನಿಬ್ಬ ಯಾಕ ಇಟ್ಕೊಂಡಿದ್ರಿ?”

“ಅಪರೂಪದ್ದು ಅನ್ನಿಸ್ತ್ರಿ.”

“ಅಪರೂಪದ್ದ ಐತಿ,” ಎಂದರು. “ನಲವತ್ತ ವರ್ಷ ಬೇಕಾತ್ರಿ ಅದನ್ನ ಹಂಗ ಮಾಡಾಕ.”

ನಾನು ತಪ್ಪಾಯಿತು ಎಂದೆ. ಆಮೇಲೆಯೂ ಬೀದಿಯಲ್ಲಿ ಸಿಕ್ಕಾಗ ಅವರು ಸಲಾಮು ಹೇಳುತ್ತಿದ್ದರು, ಚಹಾ ಕುಡಿಸುತ್ತಿದ್ದರು. ಪೆನ್ನನ್ನು ಮಾತ್ರ ಮತ್ತೆಂದೂ ನನ್ನ ಕೈಗೆ ಕೊಡಲಿಲ್ಲ.

ಕನ್ನೊಳ್ಳಿಯ ಕಡೆಗೆ ಆ ಹೊತ್ತಿಗೆ ಇದ್ದದ್ದು ಒಂದೇ ಬಸ್ಸು. ನೀಲವ್ವ ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕುಳಿತು, ತನ್ನ ಗಂಟನ್ನು ಪಕ್ಕದ ಜಾಗದಲ್ಲಿಟ್ಟಿದ್ದಳು. ಬಸ್ಸು ತುಂಬಿತು. ಕೊನೆಗೆ ಭೀಮರಾಯ ಹತ್ತಿದ. ಅವಳನ್ನು ಕಂಡು ಬಾಗಿಲಲ್ಲೇ ಸರಳು ಹಿಡಿದು ನಿಂತ. ಕಂಡಕ್ಟರ್ “ಒಳಗ ಸರೀರಿ, ಒಳಗ ಸರೀರಿ” ಎಂದು ಕೂಗಿದ. ಹಿಂದೆ ಜಾಗವಿರಲಿಲ್ಲ. ಭೀಮರಾಯ ಸರಿಯಲೂ ಇಲ್ಲ, ಇಳಿಯಲೂ ಇಲ್ಲ.

ನೀಲವ್ವ ಅವನತ್ತ ನೋಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತಲೇ ಕೈ ಚಾಚಿ ಗಂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಬಸ್ಸು ಹೊರಟು ತಿರುವಿಗೆ ಬಂದಾಗ, ಅವನು ಸೀಟಿನ ತುದಿಗೆ ಟವೆಲ್ಲು ಹಾಕಿ ಕೂರುತ್ತಿದ್ದುದು ಕಂಡಿತು.